ರಾಷ್ಟ್ರೀಯ ಉದ್ಯಾನಗಳ ಪ್ರವಾಸ: ಗೇಟು ಮೊದಲು, ಹೋಟೆಲು ಆಮೇಲೆ

"ಕಾಜಿರಂಗಾಕ್ಕೆ ಯಾವಾಗ ಹೋಗಬೇಕು?" "ಕಾನ್ಹಾ ಒಳ್ಳೆಯದೋ, ಬಾಂಧವಗಢ ಒಳ್ಳೆಯದೋ?" "ರೂಮು ಬುಕ್ ಆಗಿದೆ, ಸಫಾರಿ ಟಿಕೆಟ್ ಮಾತ್ರ ಸಿಗುತ್ತಿಲ್ಲ, ಈಗೇನು ಮಾಡುವುದು?" ಓದುಗರು ಪದೇ ಪದೇ ಕೇಳುವ ಪ್ರಶ್ನೆಗಳಿವು. ಹೆಚ್ಚಾಗಿ ಬರುವುದು ಮೂರನೆಯದು. ಅದಕ್ಕೆ ಸಮಾಧಾನ ಹೇಳಬಹುದೇ ಹೊರತು ಪರಿಹಾರ ಹೇಳುವುದು ಕಷ್ಟ, ಏಕೆಂದರೆ ಆ ಹೊತ್ತಿಗೆ ಕೆಲಸವೆಲ್ಲ ತಿರುವುಮುರುವಾಗಿ ಮುಗಿದಿರುತ್ತದೆ.

ನಾವು ಸಾಮಾನ್ಯವಾಗಿ ರಜೆ ನೋಡಿಕೊಂಡು ರೈಲೋ ವಿಮಾನವೋ ಕಾಯ್ದಿರಿಸುತ್ತೇವೆ, ಆಮೇಲೆ ಹೋಟೆಲು ಹುಡುಕುತ್ತೇವೆ, ಕೊನೆಗೆ ಅಲ್ಲಿ ನೋಡುವುದು ಏನಿದೆ ಎಂದು ವಿಚಾರಿಸುತ್ತೇವೆ. ದೇವಸ್ಥಾನ, ಕೋಟೆ, ಕಡಲತೀರಗಳಿಗೆ ಈ ಕ್ರಮ ನಡೆಯುತ್ತದೆ, ಕಾಡಿಗೆ ನಡೆಯುವುದಿಲ್ಲ. ಕಾಡಿನ ಒಂದೊಂದು ಗೇಟಿನಿಂದ ಒಂದು ಹೊತ್ತಿಗೆ ಇಂತಿಷ್ಟೇ ವಾಹನ ಒಳಗೆ ಹೋಗಬೇಕೆಂಬ ಮಿತಿ ಇರುತ್ತದೆ. ನಿಮ್ಮ ಪ್ರವಾಸದಲ್ಲಿ ನಿಜವಾಗಿ ಅಭಾವ ಇರುವುದು ಆ ಜಾಗಕ್ಕೆ. ರೂಮು, ರೈಲು ಹೇಗೋ ಹೊಂದುತ್ತವೆ. ಆದ್ದರಿಂದ ಮೊದಲು ತಿಂಗಳು, ಆಮೇಲೆ ಸೀಮೆ, ಗೇಟು, ಪರವಾನಗಿ, ಕಟ್ಟಕಡೆಗೆ ರೂಮು ಮತ್ತು ರೈಲು. ಕರ್ನಾಟಕದಿಂದ ಹೊರಟು ದೇಶದ ಬೇರೆ ಭಾಗಗಳ ಉದ್ಯಾನಗಳನ್ನು ಮೊದಲ ಸಲವೋ ಎರಡನೆಯ ಸಲವೋ ನೋಡಲಿರುವವರನ್ನು ಮನಸ್ಸಿನಲ್ಲಿಟ್ಟುಕೊಂಡು ಈ ಮಾರ್ಗದರ್ಶಿ ಬರೆದಿದ್ದೇನೆ.

ಮೊದಲು ತಿಳಿದಿರಬೇಕಾದ ಪದಗಳು

ರಾಷ್ಟ್ರೀಯ ಉದ್ಯಾನ ಎಂದರೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅತ್ಯಂತ ಬಿಗಿ ರಕ್ಷಣೆ ಇರುವ ಪ್ರದೇಶ. ಅಲ್ಲಿ ದನ ಮೇಯಿಸುವುದಕ್ಕೂ ಅವಕಾಶವಿಲ್ಲ. ಅಭಯಾರಣ್ಯದಲ್ಲಿ ಸ್ಥಳೀಯರ ಕೆಲವು ಹಕ್ಕುಗಳು ಉಳಿದಿರಬಹುದು. ಹುಲಿ ಸಂರಕ್ಷಿತ ಪ್ರದೇಶ ಎನ್ನುವುದು ಇವುಗಳ ಮೇಲೆ ಹಾಸಿದ ಇನ್ನೊಂದು ಪದರ. ಅದರ ಒಳಭಾಗ ಕೋರ್, ಸುತ್ತಲಿನ ಪಟ್ಟಿ ಬಫರ್. ಬಫರ್ ಎಂದರೆ ಎರಡನೆಯ ದರ್ಜೆ ಎಂದು ಮೂಗು ಮುರಿಯಬೇಡಿ. ಹುಲಿಗೆ ಗಡಿರೇಖೆ ಗೊತ್ತಿಲ್ಲ. ಮಹಾರಾಷ್ಟ್ರದ ತಾಡೋಬಾದ ಬಫರ್ ವಲಯಗಳನ್ನೇ ಹುಡುಕಿಕೊಂಡು ಹೋಗುವವರಿದ್ದಾರೆ.

ಜಿಪ್ಸಿ ಎಂದರೆ ಆರು ಪ್ರವಾಸಿಗರು ಕೂರುವ ತೆರೆದ ಜೀಪು. ಕ್ಯಾಂಟರ್ ಎಂದರೆ ಇಪ್ಪತ್ತರಷ್ಟು ಜನ ಕೂರುವ ತೆರೆದ ಮಿನಿ ಬಸ್. ಪರ್ಮಿಟ್ ಅಥವಾ ಪರವಾನಗಿ ಎಂದರೆ ಒಳಗೆ ಹೋಗಲು ಅರಣ್ಯ ಇಲಾಖೆ ಕೊಡುವ ಅನುಮತಿ. ಎಷ್ಟೋ ಕಡೆ ವಾಹನದ ಬಾಡಿಗೆ ಅದರಲ್ಲಿ ಸೇರಿರುವುದಿಲ್ಲ. ರೋಸ್ಟರ್ ಎಂದರೆ ಸರದಿ ಪಟ್ಟಿ: ಯಾವ ಜಿಪ್ಸಿ, ಯಾವ ಗೈಡ್ ಎನ್ನುವುದು ಗೇಟಿನಲ್ಲಿ ಸರದಿಯಂತೆ ನಿಗದಿಯಾಗುತ್ತದೆ, ನಿಮ್ಮ ಆಯ್ಕೆ ಅಲ್ಲ.

ಹಂತ 1: ತಿಂಗಳು ನಿಗದಿ ಮಾಡಿಕೊಳ್ಳಿ

ಜಾಗದ ಹೆಸರು ಹಿಡಿದು ತಿಂಗಳು ಹುಡುಕುವುದಕ್ಕಿಂತ, ನಿಮಗೆ ರಜೆ ಸಿಗುವ ತಿಂಗಳು ಹಿಡಿದು ಜಾಗ ಹುಡುಕುವುದು ಲೇಸು.

ಜುಲೈಯಿಂದ ಸೆಪ್ಟೆಂಬರ್ ಕೊನೆಯವರೆಗೆ ಮಧ್ಯಪ್ರದೇಶದ ಕಾನ್ಹಾ, ಬಾಂಧವಗಢ, ಪೆಂಚ್, ಪನ್ನಾ ಉದ್ಯಾನಗಳ ಕೋರ್ ವಲಯ ಮುಚ್ಚಿರುತ್ತದೆ. ಗಿರ್ ಕಾಡು ಜೂನ್ 16ರಿಂದ ಅಕ್ಟೋಬರ್ 15ರವರೆಗೆ ಬಂದ್. ಕಾರ್ಬೆಟ್‌ನ ಢಿಕಾಲಾ ವಲಯ ತೆರೆಯುವುದೇ ನವೆಂಬರ್ ಮಧ್ಯದಲ್ಲಿ, ಮುಚ್ಚುವುದು ಜೂನ್ ಮಧ್ಯದಲ್ಲಿ. ಬ್ರಹ್ಮಪುತ್ರಾ ಉಕ್ಕಿ ಕಾಜಿರಂಗಾವನ್ನು ಮುಳುಗಿಸುವುದರಿಂದ ಅಲ್ಲಿ ಮೇಯಿಂದ ಮಳೆ ಮುಗಿಯುವವರೆಗೆ ಸಫಾರಿ ಇಲ್ಲ. ಕೇರಳದ ಮುನ್ನಾರ್ ಬಳಿಯ ಎರವಿಕುಲಂ ಇವುಗಳಿಗಿಂತ ಬೇರೆ: ನೀಲಗಿರಿ ಥಾರ್ ಎಂಬ ಬೆಟ್ಟದ ಆಡು ಮರಿ ಹಾಕುವ ಕಾಲವೆಂದು ಫೆಬ್ರುವರಿ–ಮಾರ್ಚ್‌ನಲ್ಲಿ ಬಾಗಿಲು ಹಾಕುತ್ತದೆ. ಮುನ್ನಾರ್‌ಗೆ ಹೋಗಿ ಬರಿಗೈಯಲ್ಲಿ ಬರುವವರು ಆ ತಿಂಗಳಿನವರೇ.

ಮಳೆಗಾಲದಲ್ಲೇ ರಜೆ ಸಿಗುವುದಾದರೆ ಉತ್ತರಾಖಂಡದ ಹೂವಿನ ಕಣಿವೆ ನಿಮ್ಮದು. ಜೂನ್ 1ರಿಂದ ಅಕ್ಟೋಬರ್ 31ರವರೆಗೆ ತೆರೆದಿರುತ್ತದೆ. ಹೂವು ನಿಜವಾಗಿ ತುಂಬುವುದು ಜುಲೈ ಮಧ್ಯದಿಂದ ಆಗಸ್ಟ್ ಮಧ್ಯದವರೆಗೆ. ಜೂನ್ ಮೊದಲ ವಾರ ಹೋದರೆ ಹಿಮ ಕಾಣುತ್ತದೆ, ಹೂವು ಕಾಣುವುದಿಲ್ಲ. ಅದೇ ಮಳೆಯಲ್ಲಿ ರಸ್ತೆ ಕುಸಿಯುವುದೂ ಉಂಟು. ಎರಡು ದಿನ ಹೆಚ್ಚುವರಿ ಇಟ್ಟುಕೊಳ್ಳದೆ ಹೊರಡಬೇಡಿ.

ಹುಲಿ ನೋಡುವ ಆಸೆಯಿದ್ದರೆ ಮಾರ್ಚ್‌ನಿಂದ ಮೇ. ಎಲೆ ಉದುರಿ ಕಾಡು ಬೋಳಾಗಿರುತ್ತದೆ, ಪ್ರಾಣಿಗಳು ನೀರಿಗೆ ಬಂದೇ ಬರುತ್ತವೆ. ಆದರೆ ತಾಡೋಬಾ ಇರುವ ಚಂದ್ರಪುರದ ಮೇ ತಿಂಗಳ ಬಿಸಿಲು 45 ಡಿಗ್ರಿ ದಾಟುವಂಥದ್ದು. ವಯಸ್ಸಾದವರನ್ನೂ ಚಿಕ್ಕ ಮಕ್ಕಳನ್ನೂ ಅಲ್ಲಿ ಮಧ್ಯಾಹ್ನ ತೆರೆದ ಜೀಪಿನಲ್ಲಿ ಕೂರಿಸುವುದು ಬೇಡ. ಕುಟುಂಬ ಸಮೇತ ಹೋಗುವುದಾದರೆ ನನ್ನ ಆಯ್ಕೆ ನವೆಂಬರ್ ಅಥವಾ ಫೆಬ್ರುವರಿ ಕೊನೆ. ಡಿಸೆಂಬರ್ ಕೊನೆ ವಾರ ಮತ್ತು ಜನವರಿಯಲ್ಲಿ ಎರಡು ತೊಂದರೆಗಳಿವೆ: ಉತ್ತರ ಭಾರತದ ಮಂಜಿನಿಂದ ರೈಲುಗಳು ಗಂಟೆಗಟ್ಟಲೆ ತಡವಾಗುತ್ತವೆ, ಜತೆಗೆ ದೇಶವೆಲ್ಲ ಅದೇ ವಾರ ಕಾಡಿಗೆ ಹೊರಟಿರುತ್ತದೆ.

ಹಂತ 2: ಒಂದು ಪ್ರವಾಸಕ್ಕೆ ಒಂದೇ ಸೀಮೆ

ಹತ್ತು ದಿನಗಳಲ್ಲಿ ಗಿರ್, ರಣಥಂಬೋರ್, ಕಾರ್ಬೆಟ್, ಕಾಜಿರಂಗಾ ಎಂದು ಪಟ್ಟಿ ಮಾಡಿ ಕಳಿಸುವವರಿದ್ದಾರೆ. ನಕ್ಷೆಯ ಮೇಲೆ ಚೆಂದ. ನೆಲದ ಮೇಲೆ ಅದು ಆರು ದಿನ ಪ್ರಯಾಣ, ನಾಲ್ಕು ದಿನ ಆಯಾಸ. ಒಂದು ಸೀಮೆ ಹಿಡಿದು, ಅಲ್ಲಿನ ಕಾಡಿನ ಜತೆ ಅಕ್ಕಪಕ್ಕದ ನೋಡುವ ಸ್ಥಳಗಳನ್ನು ಹೆಣೆದುಕೊಳ್ಳಿ. ನನಗೆ ಹಿಡಿಸಿದ ಜೋಡಣೆಗಳು ಇವು.

ನಾಗಪುರ–ಜಬಲ್ಪುರ ಸೀಮೆ. ಮೊದಲ ಸಲ ಹೋಗುವವರಿಗೆ ಇದಕ್ಕಿಂತ ಒಳ್ಳೆಯದು ಇಲ್ಲ. ನಾಗಪುರದಿಂದ ಪೆಂಚ್ ಎರಡು ಗಂಟೆಯ ದಾರಿ, ತಾಡೋಬಾ ಮೂರು ಗಂಟೆ, ಕಾನ್ಹಾ ಐದಾರು ಗಂಟೆ. ಬೆಂಗಳೂರಿನ ಸಂಘಮಿತ್ರ ಎಕ್ಸ್‌ಪ್ರೆಸ್ ನಾಗಪುರ, ಜಬಲ್ಪುರ ಎರಡನ್ನೂ ಮುಟ್ಟುವುದರಿಂದ ಒಂದರಲ್ಲಿ ಇಳಿದು ಇನ್ನೊಂದರಲ್ಲಿ ಹತ್ತಬಹುದು. ಕಾನ್ಹಾದ ಹುಲ್ಲುಗಾವಲಿನಲ್ಲಿ ಹುಲಿಗಿಂತ ಮೊದಲು ಕೇಳಬೇಕಾದದ್ದು ಬಾರಾಸಿಂಗದ ಬಗ್ಗೆ. ಗಟ್ಟಿ ನೆಲದಲ್ಲಿ ಬದುಕುವ ಈ ಜಿಂಕೆ 1970ರ ಹೊತ್ತಿಗೆ ಅಲ್ಲಿ 66ಕ್ಕೆ ಇಳಿದಿತ್ತು. ಬೇಲಿ ಹಾಕಿ, ಹುಲ್ಲುಗಾವಲು ಬೆಳೆಸಿ ಅದನ್ನು ಉಳಿಸಿಕೊಂಡರು. ಜಬಲ್ಪುರಕ್ಕೆ ಬಂದಾಗ ಭೇಡಾಘಾಟ್‌ನ ಅಮೃತಶಿಲೆಯ ಕಮರಿಯಲ್ಲಿ ದೋಣಿ ವಿಹಾರ. ಮಳೆಗಾಲದಲ್ಲಿ ದೋಣಿ ಬಿಡುವುದಿಲ್ಲ.

ಖಜುರಾಹೊ–ಪನ್ನಾ. ಇದು ಯಾರೂ ಹೇಳದ, ಹೇಳಲೇಬೇಕಾದ ಜೋಡಿ. ಖಜುರಾಹೊದಿಂದ ಪನ್ನಾದ ಮಡ್ಲಾ ಗೇಟು ಸುಮಾರು 25 ಕಿ.ಮೀ. ಬೆಳಿಗ್ಗೆ ಸಫಾರಿ ಮುಗಿಸಿ ಸಂಜೆಯ ಬೆಳಕಿನಲ್ಲಿ ದೇವಾಲಯಗಳನ್ನು ನೋಡಬಹುದು. 2009ರಲ್ಲಿ ಪನ್ನಾದಲ್ಲಿ ಒಂದು ಹುಲಿಯೂ ಉಳಿದಿರಲಿಲ್ಲ. ಬಾಂಧವಗಢ, ಕಾನ್ಹಾ, ಪೆಂಚ್‌ಗಳಿಂದ ತಂದು ಬಿಟ್ಟವುಗಳ ಸಂತತಿ ಈಗ ಅಲ್ಲಿರುವುದು.

ಆಗ್ರಾ–ಭರತಪುರ–ರಣಥಂಬೋರ್. ತಾಜಮಹಲ್ ನೋಡಲು ಹೋದವರು ಭರತಪುರವನ್ನು ಬಿಟ್ಟು ಬರುವುದು ದೊಡ್ಡ ನಷ್ಟ. ಆಗ್ರಾದಿಂದ 55 ಕಿ.ಮೀ., ದಾರಿಯಲ್ಲೇ ಫತೇಪುರ ಸಿಕ್ರಿ. ಭರತಪುರದ ಕೇವಲಾದೇವ್ ಉದ್ಯಾನ ಕೇವಲ 29 ಚದರ ಕಿ.ಮೀ.; ಇಲ್ಲಿ ಜಿಪ್ಸಿಯ ಜಗಳವೇ ಇಲ್ಲ. ಬಾಡಿಗೆ ಸೈಕಲ್ ಹತ್ತಬಹುದು ಅಥವಾ ಸೈಕಲ್ ರಿಕ್ಷಾದಲ್ಲಿ ಕೂರಬಹುದು. ಇಲ್ಲಿನ ರಿಕ್ಷಾ ಚಾಲಕರು ಹಕ್ಕಿಯ ಹೆಸರು, ಗೂಡು, ಬಂದ ತಿಂಗಳು ಎಲ್ಲ ಬಲ್ಲವರು. ಬಣ್ಣದ ಕೊಕ್ಕರೆಗಳ ಗೂಡುಗಳಿಂದ ತುಂಬಿದ ಮರದ ಕೆಳಗೆ ರಿಕ್ಷಾ ನಿಂತಾಗ ಮೊದಲು ಬರುವುದು ವಾಸನೆ, ಆಮೇಲೆ ಮರಿಗಳ ಗದ್ದಲ, ಆಮೇಲಷ್ಟೇ ಹಕ್ಕಿಗಳು. ರಣಥಂಬೋರ್‌ಗೆ ಸವಾಯಿ ಮಾಧೋಪುರ ನಿಲ್ದಾಣ. ದೆಹಲಿ–ಮುಂಬೈ ಮಾರ್ಗದಲ್ಲೇ ಇದೆ. ಅಲ್ಲಿನ ಕೋಟೆ ಮತ್ತು ತ್ರಿನೇತ್ರ ಗಣೇಶನ ಗುಡಿಗೆ ಸಫಾರಿ ಪರವಾನಗಿ ಬೇಕಿಲ್ಲ. ಸಫಾರಿ ಸಿಗದಿದ್ದರೂ ಅರ್ಧ ದಿನ ಚೆನ್ನಾಗಿ ಕಳೆಯುತ್ತದೆ.

ಸೌರಾಷ್ಟ್ರ. ಗಿರ್, ಸೋಮನಾಥ, ಜುನಾಗಢದ ಗಿರನಾರ್ ಒಂದು ಗುಚ್ಛ. ಏಷ್ಯಾದ ಸಿಂಹ ಕಾಡಿನಲ್ಲಿ ಉಳಿದಿರುವುದು ಜಗತ್ತಿನಲ್ಲಿ ಇಲ್ಲಿ ಮಾತ್ರ. 2025ರ ಗಣತಿಯಲ್ಲಿ 891. ಸಮಯವಿದ್ದರೆ ಜಾಮ್‌ನಗರದ ಬಳಿಯ ನರಾರಾಕ್ಕೆ ಹೋಗಿ. ಅದು ದೇಶದ ಮೊದಲ ಸಾಗರ ರಾಷ್ಟ್ರೀಯ ಉದ್ಯಾನದ ಭಾಗ. ಸಮುದ್ರದ ಇಳಿತದ ಹೊತ್ತಿಗೆ ಹವಳದ ದಿಬ್ಬದ ಮೇಲೆ ಪಾದ ಮುಳುಗುವಷ್ಟು ನೀರಿನಲ್ಲಿ ನಡೆದು ನಕ್ಷತ್ರಮೀನು, ಏಡಿ, ಅದೃಷ್ಟವಿದ್ದರೆ ಆಕ್ಟೋಪಸ್ ನೋಡಬಹುದು. ಇಲ್ಲಿ ನಿಮ್ಮ ವೇಳಾಪಟ್ಟಿ ಬರೆಯುವುದು ಗಡಿಯಾರವಲ್ಲ, ಉಬ್ಬರವಿಳಿತ. ಇಳಿತದ ಸಮಯ ನೋಡದೆ ಹೋದರೆ ಬರೀ ಸಮುದ್ರ ನೋಡಿ ಬರುತ್ತೀರಿ. ಹಿಡಿತವಿರುವ, ನೆನೆದರೂ ಪರವಾಗಿಲ್ಲ ಎನ್ನುವ ಬೂಟು ಬೇಕು. ಹವಾಯಿ ಚಪ್ಪಲಿ ಕೆಸರಿನಲ್ಲೇ ಉಳಿಯುತ್ತದೆ.

ಅಸ್ಸಾಂ. ಕಾಜಿರಂಗಾದಲ್ಲಿ ಘೇಂಡಾಮೃಗ ಕಾಣದೆ ವಾಪಸಾಗುವವರು ವಿರಳ. 2022ರ ಗಣತಿಯಲ್ಲಿ 2,613 ಇದ್ದವು. ಗುವಾಹಟಿಯ ಕಾಮಾಖ್ಯ, ಜೋರ್ಹಾಟ್ ಬಳಿಯ ಮಾಜುಲಿ ನದೀದ್ವೀಪ, 2024ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಚರಾಯ್‌ದೇವ್‌ನ ಅಹೋಮ್ ಸಮಾಧಿ ದಿಬ್ಬಗಳು ಜತೆಗೂಡುತ್ತವೆ. ಒಂದು ಎಚ್ಚರಿಕೆ: ಪೂರ್ವದಲ್ಲಿ ಸೂರ್ಯ ಬೇಗ ಏಳುತ್ತಾನೆ, ಬೇಗ ಮುಳುಗುತ್ತಾನೆ. ಡಿಸೆಂಬರ್‌ನಲ್ಲಿ ಸಂಜೆ ಐದಕ್ಕೆ ಕತ್ತಲು. ಮಧ್ಯಾಹ್ನದ ಸಫಾರಿ ಊಟದ ಹೊತ್ತಿಗೇ ಹೊರಡುತ್ತದೆ. ಮಧ್ಯಾಹ್ನ ಗುವಾಹಟಿಯಲ್ಲಿ ಇಳಿದು, ಇನ್ನೂರು ಕಿ.ಮೀ. ದಾಟಿ, ಅದೇ ದಿನ ಸಫಾರಿ ಮಾಡುವ ಯೋಜನೆ ಹಾಕಬೇಡಿ. ಅಲ್ಲಿಂದ ಮುಂದೆ ಅರುಣಾಚಲದ ನಾಮ್‌ದಾಫಾಕ್ಕೆ ಹೋಗುವವರಿಗೆ ಇನ್ನರ್ ಲೈನ್ ಪರ್ಮಿಟ್ ಬೇಕು. ಬೇರೆ ರಾಜ್ಯದ ಭಾರತೀಯರೂ ಆ ರಾಜ್ಯದೊಳಗೆ ಹೋಗಲು ಪಡೆಯಬೇಕಾದ ಅನುಮತಿ ಪತ್ರ ಅದು. ಆನ್‌ಲೈನ್‌ನಲ್ಲಿ ಸಿಗುತ್ತದೆ, ಹೊರಡುವ ಮುನ್ನವೇ ಮಾಡಿಸಿಕೊಳ್ಳಿ.

ಹೆಚ್ಚು ದೂರ ಬೇಡ ಎನ್ನುವವರಿಗೆ ಬಂಡೀಪುರ, ನಾಗರಹೊಳೆ, ಮುದುಮಲೈ ಇದ್ದೇ ಇವೆ. ಬೇಸಿಗೆಯಲ್ಲಿ ಕಬಿನಿ ಹಿನ್ನೀರು ಇಳಿದು ಹಸಿರು ಬಯಲಾದಾಗ ಆನೆಗಳು ಹಿಂಡು ಹಿಂಡಾಗಿ ಬಂದು ಸೇರುವುದನ್ನು ನೋಡಲು ಎಲ್ಲೆಲ್ಲಿಂದಲೋ ಜನ ಇಲ್ಲಿಗೆ ಬರುತ್ತಾರೆ. ಬಂಡೀಪುರದ ಮೂಲಕ ಊಟಿಗೋ ವಯನಾಡಿಗೋ ಹೋಗುವವರು ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಕಾಡಿನ ರಸ್ತೆ ಮುಚ್ಚಿರುವುದನ್ನು ಮರೆಯಬಾರದು.

ವಾರದ ರಜೆಗಳನ್ನೂ ಇದೇ ಹಂತದಲ್ಲಿ ನೋಡಿಕೊಳ್ಳಿ. ತಾಜಮಹಲ್ ಶುಕ್ರವಾರ ಬಂದ್. ಅಜಂತಾ ಸೋಮವಾರ, ಎಲ್ಲೋರಾ ಮಂಗಳವಾರ ಮುಚ್ಚಿರುತ್ತವೆ. ತಾಡೋಬಾ ಮಂಗಳವಾರ ಇಲ್ಲ. ಮಧ್ಯಪ್ರದೇಶದ ಹುಲಿ ಉದ್ಯಾನಗಳಲ್ಲಿ ಬುಧವಾರ ಮಧ್ಯಾಹ್ನದ ಸಫಾರಿ ಇಲ್ಲ. ಸೋಮವಾರ ಅಜಂತಾ, ಮಂಗಳವಾರ ತಾಡೋಬಾ ಎಂದು ಬರೆದುಕೊಂಡವರ ಪ್ರವಾಸ ಎರಡು ಬೀಗ ನೋಡಿ ಮುಗಿಯುತ್ತದೆ.

ಹಂತ 3: ಗೇಟು ಆರಿಸಿ

ಈ ಲೇಖನದಲ್ಲಿ ಒಂದೇ ಭಾಗ ಓದುವಷ್ಟು ಸಮಯ ನಿಮಗಿದ್ದರೆ ಇದನ್ನು ಓದಿ.

ಕಾನ್ಹಾ ಎಂದರೆ ಒಂದು ಊರಲ್ಲ. ಖಟಿಯಾ ಗೇಟು ಮಂಡ್ಲಾ ಜಿಲ್ಲೆಯ ಕಡೆ, ಮುಕ್ಕಿ ಗೇಟು ಬಾಲಾಘಾಟ್ ಜಿಲ್ಲೆಯ ಕಡೆ. ಒಂದರಿಂದ ಇನ್ನೊಂದಕ್ಕೆ ಕಾಡನ್ನು ಬಳಸಿಕೊಂಡು ಹೋಗಲು ಒಂದೂವರೆ ಗಂಟೆಯಾದರೂ ಬೇಕು. ಹೋಟೆಲಿನ ಹೆಸರಿನಲ್ಲಿ "ಕಾನ್ಹಾ" ಇದೆ, ಅರ್ಧ ಬೆಲೆಗೆ ಸಿಕ್ಕಿತು ಎಂದು ಮುಕ್ಕಿ ಕಡೆ ರೂಮು ಹಿಡಿದು, ಸಫಾರಿ ಖಟಿಯಾದಿಂದ ಸಿಕ್ಕರೆ ಬೆಳಗಿನ ಜಾವ ಮೂರೂವರೆಗೆ ಏಳಬೇಕು. ಎರಡನೆಯ ದಿನ ಮನೆಯವರು ಏಳುವುದಿಲ್ಲ.

ಎಲ್ಲ ದೊಡ್ಡ ಉದ್ಯಾನಗಳ ಕಥೆಯೂ ಇಷ್ಟೇ. ಬಾಂಧವಗಢಕ್ಕೆ ತಾಲಾ, ಮಗಧಿ, ಖಿತೌಲಿ. ಪೆಂಚ್‌ಗೆ ಮಧ್ಯಪ್ರದೇಶದ ಕಡೆಯಿಂದ ತುರಿಯಾ, ಮಹಾರಾಷ್ಟ್ರದ ಕಡೆಯಿಂದ ಸಿಲ್ಲಾರಿ. ಇವೆರಡರ ಬುಕಿಂಗ್ ವ್ಯವಸ್ಥೆಯೂ ಬೇರೆ ಬೇರೆ, ಏಕೆಂದರೆ ರಾಜ್ಯಗಳೇ ಬೇರೆ. ತಾಡೋಬಾಕ್ಕೆ ಮೊಹರ್ಲಿ, ಕೋಲಾರಾ, ನವೇಗಾಂವ್. ಕಾಜಿರಂಗಾಕ್ಕೆ ಕೊಹೊರಾ, ಬಾಗೋರಿ, ಅಗರಾತೋಲಿ, ಬುಢಾಪಹಾಡ್. ರಣಥಂಬೋರ್‌ನಲ್ಲಿ 1ರಿಂದ 10ರವರೆಗೆ ವಲಯಗಳು; ಹಳೆಯ ಅರಮನೆ, ಕೆರೆಗಳ ಚಿತ್ರಗಳೆಲ್ಲ ಮೊದಲ ಐದು ವಲಯಗಳವು, ಉಳಿದವು ಹೊರ ಅಂಚಿನವು. ನಮ್ಮ ನಾಗರಹೊಳೆಯನ್ನೇ ನೋಡಿ: ಕಬಿನಿ ಕಡೆಯ ದಮ್ಮನಕಟ್ಟೆ ಒಂದು ಲೋಕ, ಕೊಡಗಿನ ಕುಟ್ಟ ಕಡೆಯ ನಾಣಚ್ಚಿ ಗೇಟು ಇನ್ನೊಂದು ಲೋಕ. ಮೊಬೈಲ್ ನಕ್ಷೆಯಲ್ಲಿ "ನಾಗರಹೊಳೆ" ಎಂದು ಬರೆದು ಅದು ತೋರಿಸಿದ ಕಡೆ ಹೋದವರು ತಪ್ಪು ಗೇಟಿನ ಮುಂದೆ ನಿಲ್ಲುತ್ತಾರೆ.

ಗಿರ್‌ನಲ್ಲಿ ಇನ್ನೊಂದು ಬಗೆಯ ಬಲೆ ಇದೆ. ಕಾಡಂಚಿನ ಸಾಸಣ ಊರಿನಿಂದ ಹೊರಡುವ ಜಂಗಲ್ ಟ್ರೇಲ್ ನಿಜವಾದ ಕಾಡಿನ ಸಫಾರಿ. ದೇವಳಿಯಾ ಎಂಬುದು ಬೇಲಿ ಹಾಕಿದ ಸಫಾರಿ ಪಾರ್ಕ್. ಅಲ್ಲಿ ಬಸ್ಸಿನಲ್ಲಿ ಒಂದು ಸುತ್ತು ಹೊಡೆಸಿ ಸಿಂಹ ತೋರಿಸುತ್ತಾರೆ. ಅಜ್ಜ–ಅಜ್ಜಿಯರಿಗೆ, ಚಿಕ್ಕ ಮಕ್ಕಳಿಗೆ ದೇವಳಿಯಾ ತಪ್ಪೇನಲ್ಲ. ಆದರೆ ಗಿರ್ ಕಾಡೆಂದು ತಿಳಿದು ಅದಕ್ಕೆ ದುಡ್ಡು ಕಟ್ಟಿ, ಬೇಲಿ ನೋಡಿದ ಮೇಲೆ ಬೇಸರಪಡುವುದು ಬೇಡ.

ಕಾರ್ಬೆಟ್ ಇನ್ನೂ ಸ್ವಲ್ಪ ಗೋಜಲು. 1936ರಲ್ಲಿ ಹೇಲಿ ನ್ಯಾಷನಲ್ ಪಾರ್ಕ್ ಎಂಬ ಹೆಸರಿನಲ್ಲಿ ಆರಂಭವಾದ ಇದು ದೇಶದ ಮೊದಲ ರಾಷ್ಟ್ರೀಯ ಉದ್ಯಾನ. ಊರು ಉತ್ತರಾಖಂಡದ ರಾಮನಗರ, ಅಲ್ಲಿಂದ ಬಿಜ್ರಾನಿ, ಝಿರ್ನಾ ಮುಂತಾದ ವಲಯಗಳಿಗೆ ಜಿಪ್ಸಿ ಹೋಗುತ್ತದೆ. ಹೆಸರುವಾಸಿಯಾದ ಢಿಕಾಲಾಕ್ಕೆ ಮಾತ್ರ ಎರಡೇ ದಾರಿ: ಅಲ್ಲಿನ ಅರಣ್ಯ ವಿಶ್ರಾಂತಿ ಗೃಹದಲ್ಲಿ ರಾತ್ರಿ ತಂಗುವ ಕಾಯ್ದಿರಿಸುವಿಕೆ, ಇಲ್ಲವೇ ಕ್ಯಾಂಟರ್. ತಂಗುವುದೇ ನನ್ನ ಸಲಹೆ. ಧನಗಢಿ ಗೇಟಿನಿಂದ ಮೂವತ್ತು ಕಿ.ಮೀ. ಒಳಗೆ, ರಾಮಗಂಗಾ ದಂಡೆಯ ಮೇಲಿನ ಆ ಬಿಡಾರದಲ್ಲಿ ಐಷಾರಾಮ ನಿರೀಕ್ಷಿಸಬೇಡಿ. ಸಸ್ಯಾಹಾರ ಮಾತ್ರ, ಮದ್ಯ ನಿಷಿದ್ಧ.

ಹಾಗಾದರೆ ಗೇಟನ್ನು ಆರಿಸುವುದು ಹೇಗೆ? "ಈ ವಾರ ಹುಲಿ ಎಲ್ಲಿ ಕಾಣುತ್ತಿದೆ" ಎಂಬ ಸುದ್ದಿಯ ಹಿಂದೆ ಹೋಗಬೇಡಿ; ಮೂರು ತಿಂಗಳ ಮೊದಲೇ ಬುಕ್ ಮಾಡುವವರಿಗೆ ಆ ಸುದ್ದಿಯಿಂದ ಏನೂ ಉಪಯೋಗವಿಲ್ಲ. ನೀವು ಇಳಿಯುವ ನಿಲ್ದಾಣಕ್ಕೆ ಹತ್ತಿರದ, ಪರವಾನಗಿ ಸಿಗುವ, ಸುತ್ತ ನಾಲ್ಕಾರು ವಸತಿಗಳಿರುವ ಗೇಟು ಸಾಕು.

ಹಂತ 4: ಪರವಾನಗಿ ಪಡೆಯಿರಿ

ಬುಕಿಂಗ್ ಎಷ್ಟು ದಿನ ಮೊದಲು ತೆರೆಯುತ್ತದೆ ಎಂಬುದು ರಾಜ್ಯದಿಂದ ರಾಜ್ಯಕ್ಕೆ ಬೇರೆ, ವರ್ಷದಿಂದ ವರ್ಷಕ್ಕೂ ಬದಲಾಗುತ್ತದೆ. ಎರಡರಿಂದ ನಾಲ್ಕು ತಿಂಗಳು ಮುಂಚೆಯೇ ನೋಡಲು ಶುರು ಮಾಡಿದರೆ ಸರಿಹೋಗುತ್ತದೆ. ದೀಪಾವಳಿ, ಕ್ರಿಸ್‌ಮಸ್, ಹೋಳಿ ವಾರಗಳಿಗೆ ಬುಕಿಂಗ್ ತೆರೆದ ದಿನವೇ ಕೂರಬೇಕು. ಸಿಗದಿದ್ದರೆ ಕೆಲವು ಕಡೆ ತತ್ಕಾಲ್ ಪಾಲು ಇರುತ್ತದೆ. ಬಫರ್ ವಲಯ ಸಾಮಾನ್ಯವಾಗಿ ಕೈ ಹಿಡಿಯುತ್ತದೆ.

ರಾಜ್ಯದ ಅರಣ್ಯ ಇಲಾಖೆಯ ತಾಣದಿಂದಲೇ ಬುಕಿಂಗ್ ಪುಟಕ್ಕೆ ಹೋಗಿ. ಹುಡುಕಾಟದಲ್ಲಿ ಮೇಲೆ ಬರುವ ಜಾಹೀರಾತುಗಳಲ್ಲಿ ಅಧಿಕೃತದಂತೆಯೇ ಕಾಣುವ ಖಾಸಗಿ ತಾಣಗಳಿರುತ್ತವೆ. ಅವುಗಳಲ್ಲಿ ಕೆಲವು ಹೆಚ್ಚು ದರ ಹಾಕಿ ಟಿಕೆಟ್ ಕೊಡಿಸುತ್ತವೆ, ಕೆಲವು ದುಡ್ಡು ತೆಗೆದುಕೊಂಡು ಕಣ್ಮರೆಯಾಗುತ್ತವೆ. "ಖಚಿತ ಹುಲಿ ದರ್ಶನ" ಎಂದು ಬರೆದಿದ್ದರೆ ಅಲ್ಲಿಂದ ಹೊರಬನ್ನಿ.

ಹೆಸರು ಮತ್ತು ಗುರುತಿನ ಚೀಟಿಯ ಸಂಖ್ಯೆ ತಪ್ಪಿಲ್ಲದೆ ತುಂಬಿ. ಬುಕಿಂಗ್‌ಗೆ ಆಧಾರ್ ಕೊಟ್ಟಿದ್ದರೆ ಗೇಟಿನಲ್ಲೂ ಅದೇ ಆಧಾರ್, ಅದೂ ಮೂಲ ಪ್ರತಿ. ಅಣ್ಣ ಬರಲಿಲ್ಲ, ಅವನ ಬದಲು ಭಾವ ಬಂದಿದ್ದಾರೆ ಎಂಬ ಮಾತು ಗೇಟಿನಲ್ಲಿ ನಡೆಯುವುದಿಲ್ಲ. ಮಕ್ಕಳ ಹೆಸರೂ ಇರಬೇಕು.

ದುಡ್ಡಿನ ಲೆಕ್ಕದಲ್ಲಿ ಎಡವುವುದು ಇಲ್ಲೇ. ಮಧ್ಯಪ್ರದೇಶ, ಗಿರ್ ಮುಂತಾದ ಕಡೆ ಆನ್‌ಲೈನ್‌ನಲ್ಲಿ ಕಟ್ಟುವುದು ಪರವಾನಗಿ ಶುಲ್ಕ. ಜಿಪ್ಸಿ ಬಾಡಿಗೆ ಮತ್ತು ಗೈಡ್ ಶುಲ್ಕವನ್ನು ಅಲ್ಲಿ ಬೇರೆಯಾಗಿ ಕೊಡಬೇಕು. ಇಡೀ ವಾಹನ ತೆಗೆದುಕೊಂಡು ಇಬ್ಬರೇ ಕೂತರೂ ಆರು ಜನ ಕೂತರೂ ಖರ್ಚು ಹೆಚ್ಚುಕಡಿಮೆ ಒಂದೇ. ಆದ್ದರಿಂದ ಆರು ಜನರ ಗುಂಪು ಕಟ್ಟಿಕೊಂಡು ಹೋದರೆ ತಲೆಗೆ ಬೀಳುವ ಖರ್ಚು ಎಷ್ಟೋ ಇಳಿಯುತ್ತದೆ. ಇಬ್ಬರೇ ಇದ್ದರೆ ಬಿಡಿ ಸೀಟು ಕೊಡುವ ಉದ್ಯಾನ ಹುಡುಕಿ.

ಎಷ್ಟು ಸಫಾರಿ ಬೇಕು? ಒಂದು ಸಾಲದು. ಒಂದೇ ಉದ್ಯಾನದಲ್ಲಿ ಮೂರು ಅಥವಾ ನಾಲ್ಕು, ಬೆಳಿಗ್ಗೆಯವು ಹೆಚ್ಚು. ನಾಲ್ಕು ಉದ್ಯಾನಗಳಲ್ಲಿ ಒಂದೊಂದು ಸಫಾರಿ ಮಾಡುವವರು ಕಾಡು ನೋಡುವುದಿಲ್ಲ, ಗೇಟುಗಳನ್ನು ನೋಡುತ್ತಾರೆ.

ಹಂತ 5: ಈಗ ರೂಮು, ರೈಲು

ಗೇಟಿನಿಂದ ಐದಾರು ಕಿ.ಮೀ. ಅಂತರದಲ್ಲೇ ರೂಮು ಹಿಡಿಯಿರಿ. ಫೋನ್ ಮಾಡಿ ಎರಡು ಪ್ರಶ್ನೆ ಕೇಳಿ: ನಿಮ್ಮಿಂದ ಇಂಥ ಗೇಟಿಗೆ ಎಷ್ಟು ನಿಮಿಷ, ಬೆಳಗಿನ ಸಫಾರಿಗೆ ತಿಂಡಿ ಕಟ್ಟಿಕೊಡುತ್ತೀರಾ. ಮೊದಲ ಸಫಾರಿಗೂ ರೈಲು ತಲುಪುವ ಸಮಯಕ್ಕೂ ನಡುವೆ ಒಂದು ರಾತ್ರಿ ಇರಲಿ. ರೈಲು ತಡವಾಯಿತೆಂದು ಅರಣ್ಯ ಇಲಾಖೆ ದುಡ್ಡು ವಾಪಸು ಕೊಡುವುದಿಲ್ಲ.

ಹಂತ 6: ಚೀಲ ಕಟ್ಟುವಾಗ

ಕರ್ನಾಟಕದವರು ಮೋಸ ಹೋಗುವುದು ಚಳಿಯಲ್ಲಿ. ಮಧ್ಯ ಭಾರತ ಎಂದರೆ ಬಿಸಿಲು ಎಂಬ ಭಾವನೆ ನಮಗೆ. ಜನವರಿಯಲ್ಲಿ ಕಾನ್ಹಾದ ಹುಲ್ಲುಗಾವಲಿನ ಮೇಲೆ ಬೆಳಿಗ್ಗೆ ಇಬ್ಬನಿ ಗಡ್ಡೆಕಟ್ಟಿರುತ್ತದೆ. ಸೊನ್ನೆಯ ಹತ್ತಿರದ ಆ ಚಳಿಯಲ್ಲಿ ಓಡುವ ತೆರೆದ ಜೀಪು. ಟೋಪಿ, ಕೈಗವಸು, ಮಫ್ಲರ್, ಗಾಳಿ ತಡೆಯುವ ಜಾಕೆಟ್ ಬೇಕೇ ಬೇಕು. ಹತ್ತು ಗಂಟೆಗೆ ಬಿಸಿಲೇರಿದಾಗ ಒಂದೊಂದೇ ಕಳಚುವಂತೆ ಪದರ ಪದರವಾಗಿ ಹಾಕಿಕೊಳ್ಳಿ. ಹೋಟೆಲಿನವರು ಕಂಬಳಿ, ಬಿಸಿನೀರಿನ ಚೀಲ ಕೊಟ್ಟರೆ ಸಂಕೋಚಪಡದೆ ತೆಗೆದುಕೊಳ್ಳಿ.

ಬಟ್ಟೆ ಮಣ್ಣಿನ ಬಣ್ಣ, ಎಲೆ ಬಣ್ಣದ್ದಾಗಿರಲಿ. ದೂಳಿಗೆ ಒಂದು ಹತ್ತಿ ಟವಲ್. ಬೈನಾಕ್ಯುಲರ್ ಇದ್ದರೆ ಪ್ರವಾಸವೇ ಬೇರೆ. 8 ಪಟ್ಟು ದೊಡ್ಡದಾಗಿ ತೋರಿಸುವ ಸಾಧಾರಣ ಬೆಲೆಯದು ಸಾಕು, ಅದಕ್ಕಿಂತ ಹೆಚ್ಚಿನದು ಕೈ ನಡುಗಿದರೆ ಉಪಯೋಗಕ್ಕೆ ಬರುವುದಿಲ್ಲ. ಹಲವು ಹುಲಿ ಸಂರಕ್ಷಿತ ಪ್ರದೇಶಗಳಲ್ಲಿ ಈಗ ಮೊಬೈಲ್ ಬಳಸುವಂತಿಲ್ಲ. ಆದ್ದರಿಂದ ಪರವಾನಗಿಯನ್ನು ಕಾಗದದ ಮೇಲೆ ಮುದ್ರಿಸಿಕೊಳ್ಳಿ, ಫೋಟೊ ಬೇಕಿದ್ದರೆ ಪ್ರತ್ಯೇಕ ಕ್ಯಾಮೆರಾ ಒಯ್ಯಿರಿ.

ಹೂವಿನ ಕಣಿವೆಗೆ ಹೋಗುವವರ ಚೀಲ ಬೇರೆ. ಗೋವಿಂದಘಾಟ್‌ನಿಂದ ಪುಲ್ನಾವರೆಗೆ ವಾಹನ, ಅಲ್ಲಿಂದ ಘಾಂಘರಿಯಾಕ್ಕೆ ಹತ್ತು ಕಿ.ಮೀ. ಏರು. ಕಣಿವೆಯ ಟಿಕೆಟ್ ಘಾಂಘರಿಯಾದಿಂದ ಮುಂದೆ ಗೇಟಿನಲ್ಲಿ. ಕಣಿವೆಯೊಳಗೆ ಕುದುರೆ ಬಿಡುವುದಿಲ್ಲ, ತಂಗಲು ಅವಕಾಶವಿಲ್ಲ, ಅಂಗಡಿ ಇಲ್ಲ. ಊಟ, ಮಳೆ ಅಂಗಿ ಹೊತ್ತು ಹೋಗಿ ಅದೇ ದಿನ ಇಳಿಯಬೇಕು. ಲಡಾಖಿನ ಹೆಮಿಸ್ ಉದ್ಯಾನಕ್ಕೆ ಹೋಗುವವರು 3,500 ಮೀಟರ್ ಎತ್ತರದ ಲೇಹ್‌ನಲ್ಲಿ ಮೊದಲ ಎರಡು ದಿನ ಸುಮ್ಮನೆ ವಿಶ್ರಾಂತಿ ತೆಗೆದುಕೊಳ್ಳಲೇಬೇಕು. ತಲೆನೋವು, ವಾಂತಿಯನ್ನು ಪಿತ್ತ ಎಂದುಕೊಂಡು ಮುಂದೆ ಹೋದವರು ಆಸ್ಪತ್ರೆ ಸೇರಿದ್ದಾರೆ.

ಹಂತ 7: ಹೊರಡುವ ಹಿಂದಿನ ವಾರ

ಉದ್ಯಾನ ತೆರೆದಿದೆಯೇ ಎಂದು ಇನ್ನೊಮ್ಮೆ ಕೇಳಿ. ಇದು ಅತಿಯಾದ ಎಚ್ಚರಿಕೆಯಲ್ಲ. 2025ರ ನವೆಂಬರ್‌ನಲ್ಲಿ ಹುಲಿ ದಾಳಿಗಳ ನಂತರ ಬಂಡೀಪುರ, ನಾಗರಹೊಳೆಗಳಲ್ಲಿ ಸಫಾರಿಯನ್ನೇ ನಿಲ್ಲಿಸಿದ್ದರು. ಮಳೆ, ಕಾಳ್ಗಿಚ್ಚು, ಪ್ರಾಣಿಗಣತಿ ಇವೂ ಕಾರಣವಾಗಬಹುದು. ಅಂಥ ಸಂದರ್ಭಕ್ಕೆಂದೇ ಹಂತ 2ರಲ್ಲಿ ಕೋಟೆ, ದೇವಾಲಯಗಳನ್ನು ಜತೆಗೆ ಹೆಣೆಯಲು ಹೇಳಿದ್ದು.

ಹಂತ 8: ಕಾಡಿನೊಳಗೆ

ಗೇಟು ತೆರೆಯುವ ಅರ್ಧ ಗಂಟೆ ಮೊದಲೇ ಅಲ್ಲಿರಿ. ಶೌಚಾಲಯ ಅಲ್ಲೇ ಮುಗಿಸಿಕೊಳ್ಳಿ. ಒಳಗೆ ಮೂರು–ನಾಲ್ಕು ಗಂಟೆ ಇಳಿಯುವಂತಿಲ್ಲ, ನಡುವೆ ಒಂದೆಡೆ ತಿಂಡಿಗೆ ನಿಲ್ಲಿಸುವ ಜಾಗ ಬಿಟ್ಟರೆ. ಬೆನ್ನುನೋವು ಇರುವವರು ಜಿಪ್ಸಿಯ ಮುಂದಿನ ಸಾಲು ಹಿಡಿಯಿರಿ, ಹಿಂದಿನ ಸಾಲು ಎತ್ತಿ ಕುಕ್ಕುತ್ತದೆ. ಗರ್ಭಿಣಿಯರು ಜಿಪ್ಸಿ ಹತ್ತದಿರುವುದೇ ಒಳ್ಳೆಯದು.

ಗೈಡ್ ವಾಹನ ನಿಲ್ಲಿಸಿ, ಎಂಜಿನ್ ಆರಿಸಿ, ಬೆರಳು ತುಟಿಗಿಟ್ಟರೆ ಅವನು ಕೇಳುತ್ತಿರುವುದು ಎಚ್ಚರಿಕೆಯ ಕೂಗನ್ನು. ಹುಲಿ, ಚಿರತೆ ಕಂಡಾಗ ಬೇರೆ ಪ್ರಾಣಿಗಳು ಹೊರಡಿಸುವ ದನಿ ಅದು. ಚುಕ್ಕೆ ಜಿಂಕೆಯದು ಚೂಪಾದ ಸಣ್ಣ ಕೂಗು, ಮುಸುವನದು ಒಣ ಕೆಮ್ಮಿನಂಥದ್ದು, ಕಡವೆಯದು ತಗ್ಗಿನ ದನಿಯ ಒಂದೇ ಹೊಡೆತ. ಜಿಂಕೆ ಸುಳ್ಳು ಹೇಳಬಹುದು, ಗಾಳಿಗೆ ಎಲೆ ಅಲುಗಿದರೂ ಕೂಗುತ್ತದೆ. ಕಡವೆ ಕೂಗಿತೆಂದರೆ ಗೈಡ್‌ಗಳು ನಂಬುತ್ತಾರೆ. ಆಗ "ನಡೀರಿ, ಮುಂದೆ ಹೋಗೋಣ" ಎನ್ನಬೇಡಿ. ಇಪ್ಪತ್ತು ನಿಮಿಷ ಕೂತುಬಿಡಿ. ಬೇರೆ ಜಿಪ್ಸಿ ಹುಲಿ ಕಂಡಿತೆಂದು ಓಡಿದರೆ ಅದರ ಬೆನ್ನು ಹತ್ತಲು ಚಾಲಕನನ್ನು ಪೀಡಿಸಬೇಡಿ. ವೇಗ ಮಿತಿ ಮೀರಿದರೆ, ದಾರಿ ಬಿಟ್ಟು ಇಳಿದರೆ ಅವನ ಸರದಿ ಕಿತ್ತುಹೋಗುತ್ತದೆ, ನಷ್ಟ ಅವನ ಮನೆಗೆ.

ಕೆಲವರು ಕಾಡಿಗೆ ಹೋಗುವುದು ಹುಲಿಯ ಹಾಜರಿ ತೆಗೆದುಕೊಳ್ಳಲು. ಹುಲಿ ಬರಲಿಲ್ಲ ಎಂದರೆ ಮುಖ ಊದಿಸಿಕೊಂಡು ಉಳಿದದ್ದನ್ನೂ ನೋಡುವುದಿಲ್ಲ. ಮೊದಲ ಸಫಾರಿಯಲ್ಲೇ ಗೈಡ್‌ಗೆ ಹೇಳಿಬಿಡಿ: ಹುಲಿ ಸಿಕ್ಕರೆ ಸರಿ, ಇಲ್ಲದಿದ್ದರೆ ಸೀಳುನಾಯಿ, ಕಾಟಿ, ಕರಡಿ, ಹಕ್ಕಿ ತೋರಿಸಿ ಎಂದು. ಎಷ್ಟೋ ಗೈಡ್‌ಗಳ ಮುಖ ಆ ಮಾತಿಗೆ ಅರಳುತ್ತದೆ. ಹುಲಿಯ ಒತ್ತಡ ಇಳಿದಮೇಲೆ ಅವರು ತೋರಿಸುವ ಕಾಡೇ ಬೇರೆ.

ಗೈಡ್ ಮತ್ತು ಚಾಲಕರಿಗೆ ಕೊಡುವ ಟಿಪ್ಸ್, ಗೇಟಿನಲ್ಲಿ ಕಟ್ಟಬೇಕಾದ ಶುಲ್ಕ ಎಲ್ಲದಕ್ಕೂ ನೋಟು, ಚಿಲ್ಲರೆ ಜೇಬಿನಲ್ಲಿರಲಿ. ಕಾಡಂಚಿನಲ್ಲಿ ನೆಟ್‌ವರ್ಕ್ ಬರುವುದು ಅಪರೂಪ, ಬಂದರೂ ಮೊಬೈಲ್ ಲಾಕರ್‌ನಲ್ಲಿರುತ್ತದೆ.